ಕೆಂಪಾದ ಬೆಕ್ಕು, ಹುಳಿ ವಾಸನೆ

ಪ್ರಶ್ನೆ: ಚೋರ್ ಬಜಾರಿನಲ್ಲಿ ಹಳೇ ಕಾರ್ಟೂನಿನ 16 ಎಂಎಂ ರೀಲು ಸಿಕ್ಕಿತು. ಬೆಕ್ಕು, ಗೋಡೆ, ಆಕಾಶ ಎಲ್ಲವೂ ಕೆಂಪು. ಡಬ್ಬಿ ತೆರೆದರೆ ವಿನೆಗರ್ ವಾಸನೆ. ಹೆಂಡತಿ ‘ಬಿಸಾಕಿ’ ಅನ್ನುತ್ತಾಳೆ. ಇದಕ್ಕೆ ಬೆಲೆ ಇದೆಯಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬೆಲೆ ಆಮೇಲೆ. ಮೊದಲು ಆ ರೀಲನ್ನು ಪ್ರೊಜೆಕ್ಟರಿಗೆ ಹಾಕಬೇಡಿ. ಮಾಟುಂಗದಲ್ಲಿ ಬಾಡಿಗೆಗಿದ್ದಾಗ ನಾನೂ ಇಂಥದ್ದೊಂದು ತಂದಿದ್ದೆ. ಅವತ್ತೇ ಯಾರದೋ ಮೆಷಿನು ಕೇಳಿ ತಂದು, ಗೆಳೆಯರನ್ನೆಲ್ಲ ಕೂರಿಸಿ ಓಡಿಸಿದೆ. ಕಟಕಟ ಅಂತ ಸದ್ದು. ನಿಲ್ಲಿಸುವಷ್ಟರಲ್ಲಿ ಮೊಳದುದ್ದ ಅಂಚು ಹರಿದಿತ್ತು. ಹುಳಿ ಹಿಡಿದ ಫಿಲ್ಮು ಕುಗ್ಗಿರುತ್ತದೆ. ಅದರ ತೂತಿಗೂ ಮೆಷಿನಿನ ಹಲ್ಲಿಗೂ ತಾಳೆಯಾಗುವುದಿಲ್ಲ.

ಆ ವಾಸನೆ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲ್ಮು ಕೊಳೆಯುವಾಗ ಬರುವಂಥದ್ದು. ನಮ್ಮ ಮುಂಬೈ ಸೆಖೆ, ಮಳೆಗಾಲದ ತೇವ ಎರಡೂ ಅದಕ್ಕೆ ಆಗಿಬರುವುದಿಲ್ಲ. ಒಮ್ಮೆ ಶುರುವಾದರೆ ಅದರ ಆಮ್ಲವೇ ಇನ್ನಷ್ಟು ಕೊಳೆಸುತ್ತದೆ, ಪಕ್ಕದ ರೀಲನ್ನೂ ಕೆಡಿಸುತ್ತದೆ. ಹಾಗಾಗಿ ನಿಮ್ಮ ಮನೆಯವರು ಹೇಳಿದ್ದು ಅರ್ಧ ಸರಿ. ಬಿಸಾಕಬೇಡಿ, ಬೇರೆ ಇಡಿ. ಬಿಗಿ ಮುಚ್ಚಳದ ಡಬ್ಬಿ ಬೇಡ, ಗಾಳಿಯಾಡಲಿ.

ಇನ್ನು ಕೆಂಪು. 1950ರಲ್ಲಿ ಬಂದ ಈಸ್ಟ್‌ಮನ್ ಕಲರ್ ಥರದ ಪ್ರಿಂಟುಗಳಲ್ಲಿ ನೀಲಿ, ಹಳದಿ ಬೇಗ ಮಾಸಿ ಕೆಂಪು ಉಳಿಯುತ್ತದೆ. ಹಳೇ ಟೆಕ್ನಿಕಲರ್ ಪ್ರಿಂಟು ಹಾಗಲ್ಲ, ಬಣ್ಣ ಬಿಡುವುದಿಲ್ಲ. ಸಂಗ್ರಹದ ಹುಚ್ಚಿರುವವರು ಅದಕ್ಕೇ ಮುಗಿಬೀಳುವುದು. ಅಂಚಿನಲ್ಲಿ ಕೊಡಾಕ್ ಹೆಸರಿದ್ದರೆ ಪಕ್ಕದಲ್ಲಿ ಚೌಕ, ತ್ರಿಕೋನ, ವೃತ್ತ ಕಾಣಬಹುದು. ಫಿಲ್ಮು ತಯಾರಾದ ವರ್ಷದ ಗುರುತು ಅದು, 20 ವರ್ಷಕ್ಕೊಮ್ಮೆ ಮತ್ತೆ ಅದೇ ಬರುತ್ತದೆ. ಕಾರ್ಟೂನು ಬರೆದ ವರ್ಷವಂತೂ ಅಲ್ಲ, ಅಂಗಡಿಯವನು ಏನೇ ಹೇಳಲಿ.

ಕೆಂಪಾಗಿ ಹುಳಿ ಹಿಡಿದ ಅಮೆರಿಕದ ಕಾರ್ಟೂನಾದರೆ ಹೆಚ್ಚು ದುಡ್ಡು ಹುಟ್ಟಲಿಕ್ಕಿಲ್ಲ. ಟೈಟಲ್‌ನಲ್ಲಿ ‘ಫಿಲ್ಮ್ಸ್ ಡಿವಿಷನ್’ ಅಂತಿದ್ದರೆ ಕಥೆ ಬೇರೆ. ಅದು ಸರ್ಕಾರದ ಚಿತ್ರ ತಯಾರಿಸುತ್ತಿದ್ದ ಸಂಸ್ಥೆ, ಅವರ ಕಾರ್ಟೂನ್ ವಿಭಾಗ 1956ರಲ್ಲಿ ನಮ್ಮ ಮುಂಬೈಯಲ್ಲೇ ಶುರುವಾಗಿದ್ದು. ಆಗ ಮಾರುವ ಯೋಚನೆ ಬಿಟ್ಟು ಹಳೇ ಸಿನಿಮಾ ಕಾಪಿಡುವ ಪುಣೆಯ ಫಿಲ್ಮ್ ಆರ್ಕೈವ್‌ಗೆ ಒಂದು ಪತ್ರ ಹಾಕಿ.

ಈಗ ಸುಮ್ನೆ ಒಂದು ಕೆಲಸ ಮಾಡಿ. ಅಂಚು ಹಿಡಿದು ಒಂದಡಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದಡಿಗೆ 40 ಚೌಕಟ್ಟು. ಎಷ್ಟೋ ಕಡೆ ಒಂದೇ ಚಿತ್ರ ಎರಡೆರಡು ಸಲ ಇರುತ್ತದೆ. ಬೆಕ್ಕು ಓಡುವ ಜಾಗ ಹುಡುಕಿ. ಅದೃಷ್ಟವಿದ್ದರೆ ಒಂದು ಚೌಕಟ್ಟಿನಲ್ಲಿ ಅದಕ್ಕೆ ಏಳೆಂಟು ಕಾಲು, ಇನ್ನೊಂದರಲ್ಲಿ ಮೈ ರಬ್ಬರಿನಂತೆ ಎಳೆದುಕೊಂಡಿರುತ್ತದೆ. ಸೆಕೆಂಡಿಗೆ 24ರಂತೆ ಓಡುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೂ ಯಾರೋ ಕೂತು ಬರೆದಿದ್ದಾರೆ. ಮನೆಯವರಿಗೂ ತೋರಿಸಿ. ಮೂಗು ಮುಚ್ಚಿಕೊಂಡೇ ನೋಡಲಿ.