ಬ್ರೀದರ್‌ನಿಂದ ಆಯಿಲ್ ಹೋಗ್ತಿದೆ, ದೊಡ್ಡ ಕ್ಯಾಚ್ ಕ್ಯಾನ್ ಹಾಕಿ ಇನ್ನೊಂದು ಬ್ರೀದರ್ ಮುಚ್ಚಿಬಿಡಲೇ?

ಮುಚ್ಚಬೇಡಿ. ಬ್ರೀದರ್ ಅಂದ್ರೆ ಎಂಜಿನ್ ಒಳಗೆ ಸೇರಿದ ಗಾಳಿ ಹೊರಗೆ ಹೋಗೋ ದಾರಿ. ಆ ಗಾಳಿ ಜೊತೆ ಬರೋ ಆಯಿಲ್ ಹಿಡಿಯೋ ಡಬ್ಬ, ಅಂದ್ರೆ ಕ್ಯಾಚ್ ಕ್ಯಾನ್, ಅದರ ವಿಷಯ ಆಮೇಲೆ ನೋಡೋಣ.

ರಸ್ತೆಯಲ್ಲಿ ಒಂದು ಹನಿ ಆಯಿಲೂ ಕಮ್ಮಿಯಾಗಲ್ಲ, ಟ್ರ್ಯಾಕ್‌ನಲ್ಲಿ ಐದಾರು ಲ್ಯಾಪ್ ಹೊಡೆದರೆ ಬ್ರೀದರ್ ಪೈಪಿನ ತುಂಬಾ ಆಯಿಲ್ ಅಂತ ಬರೆದಿದ್ದೀರಿ. ಓದಿದ ತಕ್ಷಣ 2016ರ ನಾನೇ ಕಣ್ಣ ಮುಂದೆ ಬಂದೆ. ಆಗ ನನಗೂ ಇದೇ ಪ್ರಶ್ನೆ ಇತ್ತು, ಉತ್ತರವೂ ನಿಮ್ಮದೇ ಇತ್ತು. ಉತ್ತರ ತಪ್ಪು ಅಂತ ಗೊತ್ತಾಗುವ ಹೊತ್ತಿಗೆ ಕಾರು ಟೋಯಿಂಗ್ ಗಾಡಿ ಮೇಲೆ ಕೂತು ಬೆಂಗಳೂರಿಗೆ ವಾಪಸ್ ಬರ್ತಿತ್ತು.

ನನ್ನದು ಹದಿಮೂರು ವರ್ಷ ಹಳೆಯ, 1.5 ಲೀಟರ್ ಪೆಟ್ರೋಲ್ ಸೆಡಾನ್. ಮಾಡೆಲ್ ಹೆಸರು ಹೇಳಲ್ಲ, ಹೇಳಿದ್ರೆ ಕೆಳಗೆ ಅದರದ್ದೇ ಜಗಳ ಶುರುವಾಗುತ್ತೆ. ಬೆಳಗಿನ ಜಾವ ಎರಡಕ್ಕೆ ಹೊರಟು ಚೆನ್ನೈ ರಸ್ತೆ ಹಿಡಿದರೆ ತಿಂಡಿ ಹೊತ್ತಿಗೆ ಶ್ರೀಪೆರಂಬುದೂರು ದಾಟಿ ಇರುಂಗಾಟ್ಟುಕೋಟೈ ಟ್ರ್ಯಾಕ್. ಒಂದು ಸುತ್ತು ಸುಮಾರು 3.7 ಕಿ.ಮೀ. ಮೊದಲ ಸೆಷನ್ ಮುಗಿಸಿ ಬಾನೆಟ್ ಎತ್ತಿದರೆ ಏರ್ ಫಿಲ್ಟರ್ ಕಡೆಯ ರಬ್ಬರ್ ಪೈಪಿನಿಂದ ಆಯಿಲ್ ಜಿನುಗುತ್ತಿತ್ತು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲಿನ ಗುರುತಿನಿಂದ ನಡುವಿಗೆ ಇಳಿದಿತ್ತು. ಹದಿನೈದು ನಿಮಿಷಕ್ಕೆ ಹೆಚ್ಚುಕಮ್ಮಿ ಅರ್ಧ ಲೀಟರ್!

ಮನೆಗೆ ಬಂದು ನಾನು ನಾಲ್ಕು ಕೆಲಸ ಮಾಡಿದೆ. ಆಯಿಲ್ ಕಮ್ಮಿಯಾಗಿ ಬೇರಿಂಗ್ ಹೋದೀತು ಅನ್ನೋ ಭಯಕ್ಕೆ ಮೇಲಿನ ಗುರುತು ಮೀರಿ ಅರ್ಧ ಬೆರಳು ಹೆಚ್ಚಿಗೆ ಸುರಿದೆ. ಆನ್‌ಲೈನ್‌ನಲ್ಲಿ ಸಿಗೋ ನೀಲಿ ಬಣ್ಣದ, ಮುಷ್ಟಿ ಗಾತ್ರದ ಒಂದು ಕ್ಯಾಚ್ ಕ್ಯಾನ್ ತರಿಸಿದೆ. ಥ್ರಾಟಲ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬರ್ತಿತ್ತಲ್ಲ, ಅದು ಎಂಜಿನ್ ಒಳಗಿನ ಆ ಗಾಳಿಯನ್ನ ಇಂಟೇಕ್ ಕಡೆಗೆ ಬಿಡೋ ಪಿಸಿವಿ ವಾಲ್ವಿನಿಂದಲೇ ಅಂತ ತೀರ್ಮಾನಿಸಿ ಆ ಪೈಪಿಗೊಂದು ಬೋಲ್ಟ್ ತುರುಕಿ ಕ್ಲಾಂಪ್ ಬಿಗಿದೆ. ಕ್ಯಾನಿನೊಳಗೆ ಆಯಿಲ್ ಚೆನ್ನಾಗಿ ಹಿಡಿಯಲಿ ಅಂತ ಪಾತ್ರೆ ಉಜ್ಜೋ ಸ್ಟೀಲ್ ನಾರನ್ನೂ ಒತ್ತಿ ಒತ್ತಿ ತುಂಬಿದೆ.

ಇಷ್ಟಾದರೂ ಬಚಾವಾಗಬಹುದಿತ್ತು. ಯಾಕಂದ್ರೆ ಮುಂದಿನ ಸಲ ಟ್ರ್ಯಾಕ್‌ಗೆ ಹೋಗಿ ಎರಡನೇ ಸೆಷನ್ ಮುಗಿಸಿ ಬಂದಾಗ ಎಂಜಿನ್ ತಾನೇ ಹೇಳಿತ್ತು. ಡಿಪ್‌ಸ್ಟಿಕ್ ತನ್ನ ಕೊಳವೆಯಿಂದ ಒಂದು ಬೆರಳು ಮೇಲೆದ್ದು ನಿಂತಿತ್ತು, ಸುತ್ತಲೂ ಆಯಿಲ್ ಚಿಮ್ಮಿತ್ತು. ನಾನೇನು ಮಾಡಿದೆ? ಸರಿಯಾಗಿ ಕೂರಿಸಿಲ್ಲ ಅಂದುಕೊಂಡು ಒತ್ತಿದೆ. ಮತ್ತೆ ಏಳದಿರಲಿ ಅಂತ ಪಕ್ಕದ ಬ್ರಾಕೆಟ್‌ಗೆ ಕೇಬಲ್ ಟೈ ಹಾಕಿ ಬಿಗಿದು ಕಟ್ಟಿದೆ. ಎರಡು ರೂಪಾಯಿಯ ಆ ಕೇಬಲ್ ಟೈ ನನಗೆ ಬಿದ್ದದ್ದು ನಲವತ್ತು ಸಾವಿರದ ಹತ್ತಿರ.

ಇದನ್ನ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಸಹಿಸಿಕೊಳ್ಳಿ. ಪಿಸ್ಟನ್ ರಿಂಗ್ ಎಷ್ಟೇ ಹೊಸದಾಗಿರಲಿ, ಉರಿದ ಗಾಳಿ ಸ್ವಲ್ಪ ಪಕ್ಕದಿಂದ ನುಸುಳಿ ಕೆಳಗೆ ಕ್ರ್ಯಾಂಕ್‌ಕೇಸಿಗೆ, ಅಂದ್ರೆ ಕ್ರ್ಯಾಂಕ್ ತಿರುಗೋ, ತಳದಲ್ಲಿ ಆಯಿಲ್ ನಿಲ್ಲೋ ಜಾಗಕ್ಕೆ ಇಳಿದೇ ಇಳಿಯುತ್ತೆ. ಅದು ಹೊರಗೆ ಹೋಗಬೇಕು. ಊರಲ್ಲಿ ಮೆಲ್ಲಗೆ ಓಡಿಸುವಾಗ ಸಿಲಿಂಡರುಗಳಿಗೆ ಗಾಳಿ ಹಂಚೋ ಇಂಟೇಕ್ ಮ್ಯಾನಿಫೋಲ್ಡಿನ ಸೆಳೆತ ಅದನ್ನ ಪಿಸಿವಿ ವಾಲ್ವ್ ಮೂಲಕ ಎಳೆದುಕೊಳ್ಳುತ್ತೆ. ಟ್ರ್ಯಾಕ್‌ನಲ್ಲಿ ಪೆಡಲ್ ನೆಲಕ್ಕೆ ಒತ್ತಿರ್ತೀರಿ. ಆಗ ಮ್ಯಾನಿಫೋಲ್ಡಿನಲ್ಲಿ ಸೆಳೆತವೇ ಇರಲ್ಲ, ನುಸುಳೋ ಗಾಳಿ ಮಾತ್ರ ಅತಿ ಹೆಚ್ಚು. ಅದಕ್ಕೆ ಉಳಿಯೋ ದಾರಿ ಎಂಜಿನ್ ಮೇಲಿನ ಮುಚ್ಚಳದ, ಅಂದ್ರೆ ವಾಲ್ವ್ ಕವರಿನ ಬ್ರೀದರ್. ನನ್ನ ಕಾರಿನಲ್ಲಿ ಅದು 16 ಮಿ.ಮೀ. ಪೈಪು. ನೀಲಿ ಕ್ಯಾನಿನ ಮೂತಿ 8 ಮಿ.ಮೀ. ಅರ್ಧ ಆಯ್ತಲ್ಲ ಅಷ್ಟೇ ಅಂದುಕೊಂಡಿದ್ದೆ. ವ್ಯಾಸ ಅರ್ಧವಾದರೆ ದಾರಿ ಕಾಲು ಭಾಗ ಆಗುತ್ತೆ: 201 ಚದರ ಮಿ.ಮೀ. ಇದ್ದದ್ದು 50ಕ್ಕೆ ಇಳಿಯಿತು. ಅದರ ಮೇಲೆ ಸ್ಟೀಲ್ ನಾರು, ಪಿಸಿವಿಗೆ ಬೋಲ್ಟ್. ಮೂಗು ಹಿಡಿದರೆ ಬಾಯಿ ಬಿಡಲೇಬೇಕಲ್ಲ, ಎಂಜಿನ್ ಡಿಪ್‌ಸ್ಟಿಕ್ ಕೊಳವೆಯಲ್ಲಿ ಬಾಯಿ ಬಿಟ್ಟಿತ್ತು. ನಾನು ಆ ಬಾಯನ್ನೂ ಹೊಲಿದೆ.

ಮೂರನೇ ಸೆಷನ್ನಿನ ನಾಲ್ಕನೇ ಲ್ಯಾಪ್. ಮೂರನೇ ಗೇರಿನಲ್ಲಿ ಆರ್‌ಪಿಎಂ ಏರ್ತಾ ಇದೆ, ಕಾರು ಮಾತ್ರ ಏಳ್ತಿಲ್ಲ. ಕ್ಲಚ್ ಜಾರ್ತಿದೆ ಅಂತ ಹೊಳೆಯೋ ಹೊತ್ತಿಗೆ ಕನ್ನಡಿಯಲ್ಲಿ ಬಿಳಿ ಹೊಗೆ. ಪಕ್ಕಕ್ಕೆ ತಂದು ನಿಲ್ಲಿಸಿದೆ. ಹಿಂದೆ ತಿರುಗಿ ನೋಡಿದರೆ ಟಾರಿನ ಮೇಲೆ ನಾನು ಬಂದ ದಾರಿಯುದ್ದಕ್ಕೂ ಮಿಂಚೋ ಗೆರೆ. ಟ್ರ್ಯಾಕ್ ಜಾರುತ್ತೆ ಅಂತ ಸೂಚಿಸೋ ಕೆಂಪು-ಹಳದಿ ಪಟ್ಟೆಯ ಬಾವುಟ ಹಿಡಿದು ನಿಂತಿದ್ದ ಮಾರ್ಷಲ್ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಸೆಷನ್ ನಿಂತಿತು. ಪುಡಿ ಸುರಿದು ಗುಡಿಸೋಕೆ ಮುಕ್ಕಾಲು ಗಂಟೆ. ಅಷ್ಟು ದೂರದಿಂದ ದುಡ್ಡು ಕೊಟ್ಟು ಬಂದಿದ್ದ ಮೂವತ್ತು ಜನರ ಮುಕ್ಕಾಲು ಗಂಟೆ ಅದು.

ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಕಿತ್ತುಬಂದಿತ್ತು. ಗೇರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟ್ ಆಯಿಲ್‌ನಲ್ಲಿ ಮಿಂದಿತ್ತು. ನಮ್ಮ ಮೇಸ್ತ್ರಿ ಬಾನೆಟ್ ಒಳಗೆ ಬಗ್ಗಿ, ಕೇಬಲ್ ಟೈ ಮುಟ್ಟಿ, "ಏನ್ ಸಾರ್, ಡಿಪ್‌ಸ್ಟಿಕ್ಕಿಗೆ ಉರುಳು ಹಾಕ್ಬಿಟ್ಟಿದೀರ?" ಅಂದರು. ಅಷ್ಟೇ ಬೈದದ್ದು.

ಸೀಲ್ ಹಾಕಿದ ಮೇಲೆ ಅವರು ಒಂದು ತಮಾಷೆ ತೋರಿಸಿದರು, ಇದನ್ನ ನೀವೂ ಮಾಡಿ. ಗಾರೆ ಕೆಲಸದವರು ಮಟ್ಟ ನೋಡೋ ಪಾರದರ್ಶಕ ಟ್ಯೂಬ್ ಇರುತ್ತಲ್ಲ, ಅದನ್ನ ಇಂಗ್ಲಿಷಿನ ಯು ಥರ ಬಗ್ಗಿಸಿ, ಒಳಗೆ ಕುಂಕುಮ ಕದಡಿದ ನೀರು ಹಾಕಿ, ಒಂದು ತುದಿಯನ್ನ ಡಿಪ್‌ಸ್ಟಿಕ್ ಕೊಳವೆಗೆ ಗಾಳಿ ಹೋಗದ ಹಾಗೆ ಸಿಕ್ಕಿಸಿದರು. ನನ್ನ ನೀಲಿ ಕ್ಯಾನ್, ಬೋಲ್ಟ್ ಎಲ್ಲ ಇದ್ದ ಹಾಗೇ ಇಟ್ಟು, ನಿಂತಲ್ಲೇ 4000 ಆರ್‌ಪಿಎಂ. ನೀರು ಒಂದು ಗೇಣು ಹೊರಗೆ ತಳ್ಳಿಸಿಕೊಂಡಿತು. ಲೋಡೇ ಇಲ್ಲದೆ ಅಷ್ಟು! ಬೋಲ್ಟ್ ತೆಗೆದು ಹಳೇ ಪೈಪ್ ಹಾಕಿದಾಗ ಐಡಲ್‌ನಲ್ಲಿ ನೀರು ಎಂಜಿನ್ ಕಡೆಗೇ ಸೆಳೆದುಕೊಂಡಿತು. ಇರಬೇಕಾದ್ದು ಹಾಗೆ.

ಈಗ ನಿಮ್ಮ ಪ್ರಶ್ನೆಗೆ. ಯಾವ ಕ್ಯಾನ್ ಅಂತ ಕೇಳ್ತಿದ್ದೀರಿ. ಸೋರೋ ಮಾಡಿನ ಕೆಳಗೆ ಎಷ್ಟು ದೊಡ್ಡ ಬಕೆಟ್ ಇಡಲಿ ಅಂತ ಕೇಳಿದ ಹಾಗಾಯ್ತು. ಮೊದಲು ಕಂಪ್ರೆಷನ್ ನೋಡಿಸಿ, ಅಂದ್ರೆ ಪ್ರತಿ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಎಷ್ಟು ಏರುತ್ತೆ ಅಂತ. ನನ್ನದು ನಾಲ್ಕರಲ್ಲಿ ಮೂರು ಸಿಲಿಂಡರ್ 170-175 ಪಿಎಸ್‌ಐ, ಮೂರನೇ ನಂಬರಿನದು ಮಾತ್ರ 130. ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 160ಕ್ಕೆ ಏರಿತು. ಆಯಿಲ್ ರಿಂಗಿನ ಸಂದು ಮುಚ್ಚಿದ್ದಕ್ಕೇ ಏರಿದ್ದು, ಅಂದ್ರೆ ತೊಂದರೆ ವಾಲ್ವ್ ಅಲ್ಲ, ರಿಂಗ್. ಪಿಸ್ಟನ್ ಹೊರತೆಗೆದಾಗ ಕಾರ್ಬನ್ ಕಟ್ಟಿ ರಿಂಗ್ ತನ್ನ ತೋಡಿನಲ್ಲೇ ಅಂಟಿತ್ತು, ಉಗುರಲ್ಲಿ ಎಬ್ಬಿಸಿದರೂ ಏಳಲಿಲ್ಲ. ಆ ಒಂದು ಸಿಲಿಂಡರ್ ಸಾಕಿತ್ತು ಇಡೀ ಕ್ರ್ಯಾಂಕ್‌ಕೇಸ್ ಊದಿಸೋಕೆ. ಸಿಲಿಂಡರ್ ಗೋಡೆ ಉಜ್ಜಿಸಿ, ಅಂದ್ರೆ ಹೋನಿಂಗ್ ಮಾಡಿಸಿ, ನಾಲ್ಕಕ್ಕೂ ಹೊಸ ರಿಂಗ್ ಹಾಕಿಸಿದೆ.

ಆಮೇಲೆ ವಾಲ್ವ್ ಕವರ್ ಬಿಚ್ಚಿ ತಿರುವಿ ಹಾಕಿ. ಒಳಗೆ ಬ್ರೀದರ್ ಬಾಯಿಗೆ ಅಡ್ಡವಾಗಿ ಒಂದು ತಗಡು ಇರುತ್ತೆ. ಗಾಳಿ ಸುತ್ತಿಬಳಸಿ ಹೋಗಲಿ, ಆಯಿಲ್ ಹನಿ ಅಲ್ಲೇ ಬಿದ್ದು ಸಣ್ಣ ತೂತಿನಿಂದ ಕೆಳಗೆ ಇಳೀಲಿ ಅಂತ. ನನ್ನ ಕವರಿನಲ್ಲಿ ಆ ತೂತು ಕರಿ ಕೆಸರಿನಿಂದ ಮುಚ್ಚಿಹೋಗಿತ್ತು. ಗುಂಡುಪಿನ್ನಿನಿಂದ ಕೆದಕಿ, ಡೀಸೆಲ್ ಹಾಕಿ ತೊಳೆದೆ. ಖರ್ಚಿಲ್ಲದ ಈ ಕೆಲಸ ಯಾರೂ ಹೇಳಲ್ಲ, ಯಾಕಂದ್ರೆ ಮಾರೋಕೆ ಏನೂ ಇಲ್ಲ.

ಆಯಿಲ್ ಮೇಲಿನ ಗುರುತು ದಾಟಿಸಲೇಬೇಡಿ. ಹೆಚ್ಚಾದರೆ ಕ್ರ್ಯಾಂಕ್ ಅದನ್ನ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತೆ, ಆ ನೊರೆಯೇ ಬ್ರೀದರ್‌ನಲ್ಲಿ ಬರೋದು. 20ಡಬ್ಲ್ಯೂ-50 ಅನ್ನೋ ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತೆ ಅನ್ನೋರ ಮಾತು ನಾನು ಒಪ್ಪಲ್ಲ. ಹೈ ಆರ್‌ಪಿಎಂನಲ್ಲಿ ಪಂಪು ಎಂಜಿನ್ ತಲೆಗೆ (ಸಿಲಿಂಡರ್ ಹೆಡ್) ಆಯಿಲ್ ಏರಿಸ್ತಾನೇ ಇರುತ್ತೆ, ಅದು ವಾಪಸ್ ಇಳಿಯೋ ತೂತುಗಳಲ್ಲೇ ಕೆಳಗಿನ ಗಾಳಿಯೂ ಮೇಲೆ ಬರಬೇಕು. ಸಂಜೆ ಆರಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಒಂದೇ ಬಾಗಿಲಲ್ಲಿ ಹತ್ತೋರು ಇಳಿಯೋರು ಸೇರಿದ ಹಾಗೆ. ದಪ್ಪ ಆಯಿಲ್ ಇನ್ನೂ ನಿಧಾನ ಇಳಿಯುತ್ತೆ. ಉದ್ದನೆ ತಿರುವಿನಲ್ಲಂತೂ ತಲೆಯಲ್ಲಿರೋ ಆಯಿಲ್ ಎಲ್ಲ ಒಂದೇ ಪಕ್ಕಕ್ಕೆ ಸರಿದು ಕೂರುತ್ತೆ. ನಿಮ್ಮ ಬ್ರೀದರ್ ಆ ಪಕ್ಕದಲ್ಲಿದ್ದರೆ ಮುಳುಗಿತು ಅಂತಲೇ ಲೆಕ್ಕ.

ಇಷ್ಟೆಲ್ಲ ಆದ ಮೇಲೆ ಕ್ಯಾನ್. ಕಾರ್ ರೇಸಿನ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮದಲ್ಲಿ 2000 ಸಿಸಿವರೆಗೆ ಕನಿಷ್ಠ 2 ಲೀಟರ್ ಅಂತಿದೆ, ಒಳಗೆ ಎಷ್ಟಿದೆ ಅಂತ ಹೊರಗಿನಿಂದ ಕಾಣಬೇಕು ಅಂತಲೂ ಇದೆ. ಟ್ರ್ಯಾಕ್ ಡೇಗೂ ಅದನ್ನೇ ಇಟ್ಟುಕೊಳ್ಳಿ. ಮೂತಿ ನಿಮ್ಮ ಪೈಪಿಗಿಂತ ಒಂದು ಕೂದಲೂ ಸಣ್ಣದಿರಬಾರದು. ನಾನು ಜೆ.ಸಿ. ರೋಡಿನಲ್ಲಿ ಆಯಿಲ್ ತಡೆಯೋ 19 ಮಿ.ಮೀ. ಹೋಸ್ ತಂದೆ. ಕವರಿನಿಂದ ಹೊರಟ ಪೈಪು ಮೊದಲು ಒಂದು ಗೇಣು ನೆಟ್ಟಗೆ ಮೇಲೆ ಹೋಗಿ ಆಮೇಲೆ ಕ್ಯಾನಿಗೆ ಬಗ್ಗುತ್ತೆ. ಹನಿಗಳು ಏರಲಾರದೆ ವಾಪಸ್ ಎಂಜಿನ್ನಿಗೇ ಜಾರುತ್ತವೆ. ಕ್ಯಾನಿನ ಇನ್ನೊಂದು ಬಾಯಿ ಏರ್ ಫಿಲ್ಟರ್ ಕಡೆಗೆ ವಾಪಸ್. ಸ್ಟೀಲ್ ನಾರು ಹಾಕ್ತೀರಾ, ಸಡಿಲವಾಗಿ ಒಂದೇ ಒಂದು ಹಾಕಿ.

ಕ್ಯಾನಿನಲ್ಲಿ ಬಿದ್ದದ್ದರ ಬಣ್ಣ ನೋಡಿ. ಫಿಲ್ಟರ್ ಕಾಫಿ ಥರ ಇದ್ದರೆ ನೀರಿನ ಆವಿ ಸೇರಿದ್ದು, ಅದು ಮಾಮೂಲು, ವಾಪಸ್ ಎಂಜಿನ್ನಿಗೆ ಮಾತ್ರ ಸುರೀಬೇಡಿ. ಜೇನಿನ ಬಣ್ಣದ ಶುದ್ಧ ಆಯಿಲ್ ಇದ್ದರೆ ಇನ್ನೂ ಎಲ್ಲೋ ಆಯಿಲ್ ನೇರವಾಗಿ ಬ್ರೀದರ್‌ಗೆ ಏರ್ತಿದೆ, ಆ ತಗಡು, ಆ ತೂತು ಮತ್ತೆ ನೋಡಿ. ರಿಂಗ್ ಆದ ಮೇಲೆ ನಾನು ಹೋದ ಮೊದಲ ಸಲ ನಾಲ್ಕು ಸೆಷನ್ನಿಗೆ ಕ್ಯಾನಿನಲ್ಲಿ ಸಿಕ್ಕಿದ್ದು ಮೂರು ಚಮಚ ಕಾಫಿ.

ಕಂಪ್ರೆಷನ್ ನಂಬರ್ ನಾಲ್ಕೂ ಬರೆದು ಹಾಕಿ, ನೋಡಿ ಹೇಳ್ತೀನಿ. "ಮುಚ್ಚಿಬಿಡಲೇ" ಅಂತ ಕೇಳೋರು ಸಾಮಾನ್ಯವಾಗಿ ಆಗಲೇ ಮುಚ್ಚಿರ್ತಾರೆ. ನೀವೂ ಮುಚ್ಚಿದ್ದರೆ ಇವತ್ತು ರಾತ್ರಿಯೇ ಬಿಚ್ಚಿ, ಆಫೀಸಿಗೆ ಹೋಗೋಕೂ ಹಾಗೇ ಓಡಿಸಬೇಡಿ.