ಮಹಾಲಯ ಅಮಾವಾಸ್ಯೆ ರಾತ್ರಿ ಮತ್ತೆ ನೋಡಿದರೂ ಹೆದರಿಸುವ ಕನ್ನಡ ಸಿನಿಮಾ ಯಾವುದು?

ನನ್ನ ಆಯ್ಕೆ ‘ಆಪ್ತಮಿತ್ರ’ (2004). ಕಥೆಯ ಗುಟ್ಟು ಗೊತ್ತಿದ್ದಷ್ಟೂ ಇದು ಜಾಸ್ತಿ ಹೆದರಿಸುತ್ತದೆ. (ಇನ್ನೂ ನೋಡಿಲ್ಲವಾದರೆ ಇಲ್ಲಿಗೇ ನಿಲ್ಲಿಸಿ!)

ಧಡ್ ಅಂತ ಸದ್ದು ಮಾಡಿ ಬೆಚ್ಚಿಬೀಳಿಸುವ ಸಿನಿಮಾ ಎರಡನೇ ಸಲಕ್ಕೆ ಸಪ್ಪೆ. ಸದ್ದು ಯಾವಾಗ ಬರುತ್ತದೆಂದು ಗೊತ್ತಿದ್ದರೆ ಮೈ ಮೊದಲಿನಷ್ಟು ಬೆಚ್ಚುವುದಿಲ್ಲ. ಆದರೆ ಏನೋ ಆಗಲಿದೆ ಅಂತ ಕಾಯುವ ಭಯ ಬೇರೆ. ಮುಂದಿನದು ಗೊತ್ತಿದ್ದರೆ ಅದು ಇನ್ನೂ ಬಿಗಿಯಾಗುತ್ತದೆ.

ಮೊದಲ ಸಲ ನಾವು ಬೀಗ ಹಾಕಿದ ಕೋಣೆಯನ್ನೇ ನೋಡುತ್ತೇವೆ. ಎರಡನೇ ಸಲ ಗಂಗಾಳನ್ನು, ಅಂದರೆ ಆ ಪಾತ್ರ ಮಾಡಿದ ನಟಿ ಸೌಂದರ್ಯ ಅವರ ಕಣ್ಣನ್ನು. ಸುಮ್ನೆ ನಗುತ್ತಾ ಮಾತಾಡುವಾಗಲೂ ‘ಈಗ ಇವಳು ಯಾರು?’ ಅನ್ನಿಸುತ್ತದೆ. ಹೋದ ವರ್ಷ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ, ಹಿರಿಯರಿಗೆ ಎಡೆ ಇಟ್ಟ ರಾತ್ರಿ, ಎಲ್ಲರೂ ಕೂತು ನೋಡಿದೆವು. ನಾಲ್ಕನೇ ಸಲ ನೋಡುತ್ತಿದ್ದ ನನ್ನ ತಂಗಿಯ ಕೈ ಚುರುಮರಿ ಬುಟ್ಟಿಯಲ್ಲೇ ನಿಂತುಬಿಟ್ಟಿತ್ತು. ಗುಟ್ಟು ಗೊತ್ತಿಲ್ಲದ ಪುಟ್ಟ ಮಾತ್ರ ಆರಾಮಾಗಿ ತಿನ್ನುತ್ತಿದ್ದ.

ಇನ್ನೊಂದು ಬೇಕಿದ್ದರೆ ‘ಯು ಟರ್ನ್’ (2016). ಅದರಲ್ಲಿ ದೆವ್ವಕ್ಕಿಂತ, ಫ್ಲೈಓವರ್ ಮೇಲೆ ಬೈಕ್ ತಿರುಗಿಸೋಕೆ ಪಕ್ಕಕ್ಕೆ ಸರಿಸಿದ ಡಿವೈಡರ್ ಕಲ್ಲೇ ಎರಡನೇ ಸಲ ಕಾಡುತ್ತದೆ.