ಮಾಳಿಗೆ ಮನೆ ಕಚ್ಚಾ, ಶೀಟಿನ ಮನೆ ಪಕ್ಕಾ?

ಪ್ರಶ್ನೆ: ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಜಗಳೂರು ಮತ್ತು ಚನ್ನಗಿರಿ ತಾಲ್ಲೂಕುಗಳ ವಸತಿ ಸ್ಥಿತಿಯನ್ನು ಹೋಲಿಸಿ ಪ್ರಬಂಧ ಬರೆಯಬೇಕೆಂದಿದ್ದೇನೆ. ಸರ್ಕಾರದ ಕುಟುಂಬ ಸಮೀಕ್ಷೆಗಳ ದತ್ತಾಂಶ ಇದಕ್ಕೆ ಸಾಕಾಗುತ್ತದೆಯೇ? ಪಕ್ಕಾ ಮನೆಗಳ ಶೇಕಡಾವಾರು ಪ್ರಮಾಣವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ; ಹೆಚ್ಚಿನವರು ಎಡವುವುದು ಅಲ್ಲಿಯೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2018ರ ಜುಲೈನಿಂದ ಡಿಸೆಂಬರ್‌ವರೆಗೆ ನಡೆಸಿದ 76ನೇ ಸುತ್ತು ಕುಡಿಯುವ ನೀರು, ನೈರ್ಮಲ್ಯ ಹಾಗೂ ವಸತಿಗೆ ಸಂಬಂಧಿಸಿದ್ದು. ಅದರ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಶೇ 76.7ರಷ್ಟು, ನಗರದಲ್ಲಿ ಶೇ 96ರಷ್ಟು ಪಕ್ಕಾ ಕಟ್ಟಡದಲ್ಲಿ ವಾಸವಾಗಿದ್ದವು. ಗೋಡೆ ಮತ್ತು ಸೂರು ಎರಡೂ ಪಕ್ಕಾ ಸಾಮಗ್ರಿಯಿಂದ ಆಗಿದ್ದರೆ ಮನೆ ಪಕ್ಕಾ, ಒಂದು ಮಾತ್ರ ಆಗಿದ್ದರೆ ಅರೆಪಕ್ಕಾ, ಎರಡೂ ಅಲ್ಲವಾದರೆ ಕಚ್ಚಾ. ಇಲ್ಲಿ ಸುಟ್ಟ ಇಟ್ಟಿಗೆ, ಕಲ್ಲು, ಹೆಂಚು ಮಾತ್ರವಲ್ಲದೆ ಕಬ್ಬಿಣದ ತಗಡು, ಕಲ್ನಾರಿನ ಶೀಟುಗಳೂ ಪಕ್ಕಾ ಸಾಮಗ್ರಿಯೇ. ಮಣ್ಣು, ಹಸಿ ಇಟ್ಟಿಗೆ, ಬಿದಿರು, ಹುಲ್ಲು ಕಚ್ಚಾ.

ಈ ವ್ಯಾಖ್ಯೆಯನ್ನು ನಮ್ಮ ಬಯಲುಸೀಮೆಯ ಮೇಲಿಟ್ಟು ನೋಡಿ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿರುತ್ತದೆ. ಗೋಡೆಯೂ ಮಣ್ಣಿನದಾದರೆ ಆ ಮನೆ ಕಚ್ಚಾ. ಗೋಡೆ ಕಲ್ಲಿನದಾದರೆ ಅರೆಪಕ್ಕಾ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಳಗೆ ನಿಲ್ಲಲಾಗದ, ಇಟ್ಟಿಗೆ ಗೋಡೆಯ ಮೇಲೆ ಶೀಟು ಹೊದಿಸಿದ ಒಂಟಿ ಕೋಣೆ ಮಾತ್ರ ಪಕ್ಕಾ. ವ್ಯಾಖ್ಯೆ ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಅಳೆಯುವುದು ಸಾಮಗ್ರಿಯ ಬಾಳಿಕೆಯನ್ನೇ ಹೊರತು ವಾಸದ ಹಿತವನ್ನಲ್ಲ. ಹೀಗಾಗಿ ಮಾಳಿಗೆ ಕೆಡವಿ ಶೀಟು ಹಾಕಿದ ಊರು ಅಂಕಿಗಳಲ್ಲಿ ಮುಂದುವರಿದಂತೆ ಕಾಣುತ್ತದೆ. ಪಕ್ಕಾ ಪ್ರಮಾಣದ ಜೊತೆಗೆ ತಲಾ ನೆಲದ ವಿಸ್ತೀರ್ಣ, ಗಾಳಿ ಬೆಳಕು, ಪ್ರತ್ಯೇಕ ಅಡುಗೆಮನೆ, ಕಟ್ಟಡದ ಸುಸ್ಥಿತಿ ಇವನ್ನೂ ಬಿಡಿಬಿಡಿಯಾಗಿ ಕೋಷ್ಟಕದಲ್ಲಿ ತೋರಿಸಿ. ಎಲ್ಲವನ್ನೂ ಕಲಸಿ ಒಂದೇ ಸೂಚ್ಯಂಕ ಮಾಡುವ ಆಸೆ ಬೇಡ. ಮಾಡಿದರೆ ಶೀಟಿನ ಮನೆಯ ಈ ಕಥೆ ಅದರೊಳಗೆ ಮುಚ್ಚಿಹೋಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಪಕ್ಕಾ ಎಂಬ ಪದವಿದೆ, ಆದರೆ ಅಲ್ಲಿ ನೆಲವೂ ಲೆಕ್ಕಕ್ಕೆ ಬರುತ್ತದೆ. ಮಣ್ಣು ನೆಲದ ಶೀಟಿನ ಮನೆ ಒಂದು ಸಮೀಕ್ಷೆಯಲ್ಲಿ ಪಕ್ಕಾ, ಇನ್ನೊಂದರಲ್ಲಿ ಅರೆಪಕ್ಕಾ. ಆದ್ದರಿಂದ ಎರಡರ ಶೇಕಡಾವಾರುಗಳನ್ನು ಅಕ್ಕಪಕ್ಕ ಇಟ್ಟು ಏರಿಕೆ ಇಳಿಕೆಯ ಮಾತಾಡಬೇಡಿ.

ಇನ್ನು ತಾಲ್ಲೂಕಿನ ವಿಷಯ. 76ನೇ ಸುತ್ತಿನಲ್ಲಿ ಇಡೀ ದೇಶಕ್ಕೆ 1,06,838 ಕುಟುಂಬಗಳನ್ನು ಮಾತಾಡಿಸಲಾಗಿತ್ತು. ಜಿಲ್ಲೆಯೊಂದರ ಪಾಲಿಗೆ ಬರುವುದು ಅತ್ಯಲ್ಪ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಜಿಲ್ಲಾ ಮಟ್ಟದ ಅಂದಾಜಿಗೆಂದೇ ರೂಪಿಸಿದ್ದು, ಕರ್ನಾಟಕದ 30 ಜಿಲ್ಲೆಗಳಲ್ಲಿ 26,574 ಕುಟುಂಬಗಳು ಅದರಲ್ಲಿವೆ. ಸರಾಸರಿ ಜಿಲ್ಲೆಗೆ ಸುಮಾರು 886. ಕುಟುಂಬಗಳನ್ನು ಊರಿಗೊಂದು ಗುಂಪಾಗಿ ಆರಿಸುವುದರಿಂದ ವ್ಯತ್ಯಯ (ಅಂದಾಜು ಎಷ್ಟು ಚದುರಬಹುದೆಂಬುದರ ಅಳತೆ) ಇಮ್ಮಡಿಯಾಗುತ್ತದೆಂದು ಹಿಡಿದರೆ, ಶೇ 50ರ ಆಸುಪಾಸಿನ ಯಾವುದೇ ಅಂದಾಜಿಗೆ ಜಿಲ್ಲಾ ಮಟ್ಟದಲ್ಲಿ ಸುಮಾರು 4.7 ಶೇಕಡಾ ಅಂಶಗಳಷ್ಟು ಹೆಚ್ಚುಕಡಿಮೆಯಿರುತ್ತದೆ. ಅದನ್ನೇ ಆರು ತಾಲ್ಲೂಕುಗಳಿಗೆ ಹಂಚಿದರೆ ತಲಾ 148 ಕುಟುಂಬ ಸಿಕ್ಕಿ, ಈ ಹೆಚ್ಚುಕಡಿಮೆಯೇ 11 ಅಂಶಗಳನ್ನು ಮೀರುತ್ತದೆ. ಮೇಲಾಗಿ ಯಾವ ಕುಟುಂಬ ಯಾವ ತಾಲ್ಲೂಕಿನದೆಂಬುದನ್ನು ಸಾರ್ವಜನಿಕ ಕಡತದಲ್ಲಿ ಕೊಡುವುದಿಲ್ಲ. ತಾಲ್ಲೂಕಿಗೆ 2011ರ ಜನಗಣತಿಯ ಮನೆಪಟ್ಟಿ ಕೋಷ್ಟಕಗಳೇ ಗತಿ. ಹಳೆಯವಾದರೂ ಅವು ಮಾದರಿಯಲ್ಲ, ಪೂರ್ಣ ಎಣಿಕೆ. ಗಾರೆ ಹಾಕಿ ಕಟ್ಟಿದ ಕಲ್ಲುಗೋಡೆಯನ್ನೂ ಗಾರೆಯಿಲ್ಲದ ಕಲ್ಲುಗೋಡೆಯನ್ನೂ ಅಲ್ಲಿ ಬೇರೆಬೇರೆ ಎಣಿಸಿರುವುದು ನಮ್ಮ ಸೀಮೆಗೆ ಬಹಳ ಉಪಯುಕ್ತ.

ಜಿಲ್ಲೆಯ ಗಡಿಯನ್ನೂ ಗಮನಿಸಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಚಿತ್ರದುರ್ಗದಿಂದ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆ 2017ರ ಮಾರ್ಚ್ 31ರ ಗಡಿಗಳನ್ನು ಅನುಸರಿಸಿರುವುದರಿಂದ ಅದರ ‘ದಾವಣಗೆರೆ’ಯಲ್ಲಿ ಹರಪನಹಳ್ಳಿಯೂ ಸೇರಿದೆ.

ಬಿಡಿ ಕುಟುಂಬಗಳ ಕಡತ ತೆರೆದಾಗ ತೂಕ (ಆರಿಸಿದ ಕುಟುಂಬವೊಂದು ಎಷ್ಟು ಕುಟುಂಬಗಳ ಪರವಾಗಿ ನಿಂತಿದೆ ಎಂಬುದಕ್ಕೆ ತಕ್ಕ ಅಂಕಿ) ಹಾಕದೆ ಸರಾಸರಿ ತೆಗೆಯಬೇಡಿ. ಕುಟುಂಬ ಆರೋಗ್ಯ ಸಮೀಕ್ಷೆಯ ತೂಕವನ್ನು 10 ಲಕ್ಷದಿಂದ ಭಾಗಿಸಿ ಬಳಸಬೇಕು. ಮಾದರಿ ಸಮೀಕ್ಷೆಯಲ್ಲಿ ಗುಣಕವೆನ್ನುವ ಇದೇ ಬಗೆಯ ತೂಕಕ್ಕೆ ಬೇರೆ ನಿಯಮವಿದ್ದು, ಕಡತದ ಜೊತೆಗಿನ ಟಿಪ್ಪಣಿಯಲ್ಲಿ ಸಿಗುತ್ತದೆ.

ಪ್ರಶ್ನೆ: ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಒಲೆ ಹೂಡಿದ್ದರೆ ಸಮೀಕ್ಷೆಯಲ್ಲಿ ಅದು ಒಂದು ಕುಟುಂಬವೋ, ಎರಡೋ?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಎರಡು. ಸಾಮಾನ್ಯವಾಗಿ ಒಟ್ಟಿಗೆ ವಾಸವಿದ್ದು ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬ. ರಕ್ತಸಂಬಂಧವಾಗಲಿ ಪಡಸಾಲೆಯಾಗಲಿ ಲೆಕ್ಕಕ್ಕಿಲ್ಲ. ಪಾಲಾದ ಮನೆಗಳು ಹೆಚ್ಚಿರುವ ಊರಿನಲ್ಲಿ ಕುಟುಂಬವೊಂದಕ್ಕೆ ಸಿಗುವ ಕೋಣೆಗಳು ಕಡಿಮೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಕುಟುಂಬದ ಗಾತ್ರವೂ ಜೊತೆಗೇ ಕುಗ್ಗುವುದರಿಂದ, ಕೋಣೆಯೊಂದಕ್ಕೆ ಎಷ್ಟು ಜನ ಎಂದು ನೋಡುವುದು ಮೇಲು.